ಜನರಲ್ ತಿಮ್ಮಯ್ಯ: ಜೋಜಿಲಾದ ಹಿಮದಲ್ಲಿ ಕಾಲಿನ ಲೆಕ್ಕ

ಜೂನ್ ಬಂತು ಅಂದ್ರೆ ನಮ್ಮ ಹಾಸ್ಟೆಲ್ ವರಾಂಡದಲ್ಲಿ ಶೂಗಳ ಮೆರವಣಿಗೆ. ಒಳಗೆ ಹಳೇ ಪೇಪರ್ ತುರುಕಿ ಫ್ಯಾನಿನ ಕೆಳಗೆ ಇಟ್ಟರೂ ಬೆಳಿಗ್ಗೆ ಲ್ಯಾಬಿಗೆ ಹೋಗುವಾಗ ಪಚಪಚ ಅನ್ನೋದು ತಪ್ಪಲ್ಲ. ಶಿವರಾತ್ರಿ ಹೊತ್ತಿಗೆ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ನಡೆದು ಬರುವ ಪಾದಯಾತ್ರಿಗಳನ್ನು ನೋಡಿದಾಗಲೂ ನಮ್ಮ ಕಣ್ಣು ಮೊದಲು ಹೋಗೋದು ಅವರ ಬೊಬ್ಬೆ ಎದ್ದ ಪಾದಗಳ ಕಡೆಗೇ. ಕಾಲು ನೋವು ಕೊಡುವ ತನಕ ಅದು ಇದೆ ಅನ್ನೋದೇ ನಮಗೆ ನೆನಪಿರುವುದಿಲ್ಲ.

ನಮ್ಮೂರಿನ ಗದ್ದೆ ಕೆಲಸದಲ್ಲೂ ಅದೇ ಕಥೆ. ತಲೆಗೆ ಮುಟ್ಟಾಳೆ, ಬೆನ್ನಿಗೆ ಗೊರಬೆ, ಕಾಲಿಗೆ ಮಾತ್ರ ಏನೂ ಇಲ್ಲ. ಬೆರಳ ಸಂದಿಯಲ್ಲಿ ಕೆಸರುಹುಣ್ಣು ಆದ್ರೆ ಎಣ್ಣೆ ಅರಿಶಿನ ಹಚ್ಚಿ ಮುಗಿಸುತ್ತಿದ್ದರು. ನಮ್ಮ ಕರಾವಳಿಯ ನೀರು ಬೆಚ್ಚಗಿರುವುದರಿಂದ ಇಷ್ಟರಲ್ಲೇ ಮುಗಿಯುತ್ತದೆ. ಅದೇ ಒದ್ದೆ ಕಾಲು ಸೊನ್ನೆ ಡಿಗ್ರಿಯಲ್ಲಿದ್ದರೆ ಬೆರಳೇ ಹೋಗಬಹುದು. ಈ ಲೆಕ್ಕವನ್ನು ದೊಡ್ಡ ಮಟ್ಟದಲ್ಲಿ ಎದುರಿಸಬೇಕಾಗಿ ಬಂದವರು ನಮ್ಮ ನೆರೆಯ ಜಿಲ್ಲೆಯವರೇ. ಸುಳ್ಯ ದಾಟಿ ಸಂಪಾಜೆ ಘಾಟಿ ಹತ್ತಿದ್ರೆ ಸಿಗುವ ಮಡಿಕೇರಿಯ ಜನರಲ್ ಕೆ. ಎಸ್. ತಿಮ್ಮಯ್ಯನವರು.

ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಹುಟ್ಟಿದ್ದು 1906ರ ಮಾರ್ಚ್‌ನಲ್ಲಿ. ಕೂನೂರು, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿ, ಡೆಹ್ರಾಡೂನಿನ ಮಿಲಿಟರಿ ಕಾಲೇಜು ಸೇರಿದರು. ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ 1926ರಲ್ಲಿ ಅಧಿಕಾರಿಯಾದರು. ಬ್ರಿಟಿಷರ ಸೇನೆಯಲ್ಲಿ ಭಾರತೀಯ ಅಧಿಕಾರಿಗಳನ್ನು ಬೆರಳಲ್ಲಿ ಎಣಿಸಬಹುದಾಗಿದ್ದ ಕಾಲ ಅದು. 1935ರಲ್ಲಿ ಕ್ವೆಟ್ಟಾ ಭೂಕಂಪವಾದಾಗ ಅವರೂ ಪತ್ನಿ ನೀನಾ ಅವರೂ ಪರಿಹಾರ ಕೆಲಸದಲ್ಲಿ ದುಡಿದರು. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅರಾಕಾನ್ ಕೆಸರಿನಲ್ಲಿ ಕಾದಾಡಿ ಡಿಎಸ್‌ಒ ಪದಕ ಪಡೆದರು. ಆ ಯುದ್ಧದಲ್ಲಿ ರಣರಂಗದಲ್ಲೇ ಒಂದು ಬ್ರಿಗೇಡನ್ನು ಮುನ್ನಡೆಸಿದ ಏಕೈಕ ಭಾರತೀಯ ಅಂತ ಹೆಸರಾದರು.

ಅಲ್ಲಿಯವರೆಗೆ ಅವರ ಸೈನಿಕರ ಕಾಲಿಗೆ ಶತ್ರು ಅಂದ್ರೆ ಕೆಸರು. 1948ರಲ್ಲಿ ಕಾಶ್ಮೀರದ ವಿಭಾಗದ ಹೊಣೆ ಸಿಕ್ಕಿದಾಗ ಶತ್ರು ಬದಲಾಯಿತು. ಲೇಹ್ ಪಟ್ಟಣ ಬೀಳುವ ಸ್ಥಿತಿಯಲ್ಲಿತ್ತು. ಅದೇ ವರ್ಷ ಚಳಿಗಾಲದ ನಡುವೆ ಪೃಥಿ ಚಂದ್ ಅವರ ಸಣ್ಣ ತಂಡ ಹಿಮ ತುಂಬಿದ ಜೋಜಿಲಾ ಕಣಿವೆಮಾರ್ಗವನ್ನು ನಡೆದೇ ದಾಟಿ ಲೇಹ್ ತಲುಪಿತ್ತು. ತಂಡದಲ್ಲಿದ್ದವರು ಬಹುಪಾಲು ಲಾಹೌಲ್ ಕಡೆಯವರು, ಹಿಮದಲ್ಲೇ ಹುಟ್ಟಿ ಬೆಳೆದವರು. ಜೊತೆಗೆ ಸೋನಮ್ ನೊರ್ಬು ಅನ್ನೋ ಲಡಾಖಿ ಎಂಜಿನಿಯರ್ ಇದ್ದರು. ಊರಿನ ಜನರನ್ನು ಕಟ್ಟಿಕೊಂಡು ಲೇಹ್‌ನಲ್ಲಿ ವಿಮಾನ ಇಳಿಯುವ ಪಟ್ಟಿ ಮಾಡಿದ್ದು ಅವರೇ. ಮೇ 24ರಂದು ಏರ್ ಕಮಡೋರ್ ಮೆಹರ್ ಸಿಂಗ್ ಅಲ್ಲಿ ಮೊದಲ ಡಕೋಟಾ ಇಳಿಸಿದಾಗ ಪಕ್ಕದಲ್ಲಿ ಕೂತಿದ್ದವರು ತಿಮ್ಮಯ್ಯ.

ಆದ್ರೆ ವಿಮಾನದಿಂದ ಒಂದು ಪ್ರದೇಶವನ್ನೇ ಸಾಕೋಕೆ ಆಗಲ್ಲ. ರಸ್ತೆ ಬೇಕು. ರಸ್ತೆ ಹೋಗುವುದು ಸುಮಾರು 3,500 ಮೀಟರ್ ಎತ್ತರದ ಜೋಜಿಲಾ ಮೂಲಕ, ಅದು ಎದುರಾಳಿಗಳ ಕೈಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಕಾಲಾಳುಗಳು ಮಾಡಿದ ದಾಳಿ ಫಲಿಸಲಿಲ್ಲ. ಎರಡೂ ಬದಿಯ ಬಂಡೆಗಳ ಮೇಲಿಂದ ಗುಂಡು ಬರುತ್ತಿತ್ತು. ಇನ್ನೊಂದೆರಡು ತಿಂಗಳು ಕಳೆದ್ರೆ ಹಿಮ ಬಿದ್ದು ಮಾರ್ಗವೇ ಮುಚ್ಚಿಹೋಗುತ್ತದೆ. ಕಾದು ಕೂತರೆ ಲೇಹ್ ಹೋಗುತ್ತದೆ, ಹೊರಟರೆ ಬಯಲುಸೀಮೆಯಿಂದ ಬಂದ ಹುಡುಗರ ಕಾಲು ಹಿಮದಲ್ಲಿ.

ಇಲ್ಲಿ ಸ್ವಲ್ಪ ನಿಂತು ಆ ಕಾಲಿನ ಒಳಗೆ ಏನಾಗುತ್ತದೆ ಅಂತ ನೋಡೋಣ. ಹೀಟ್ ಟ್ರಾನ್ಸ್‌ಫರ್ ಓದಿದವರಿಗೆ ಹೊಸದೇನಲ್ಲ. ನಿಂತ ಗಾಳಿಗಿಂತ ನೀರು ಶಾಖವನ್ನು ಇಪ್ಪತ್ತು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ. ಬೂಟು ಬೆಚ್ಚಗಿಡುವುದು ಚರ್ಮದಿಂದ ಅಲ್ಲ, ಒಳಗೆ ಹಿಡಿದಿಟ್ಟ ಗಾಳಿಯಿಂದ. ಕಾಲುಚೀಲ ಒದ್ದೆಯಾದ್ರೆ ಆ ಗಾಳಿಯ ಜಾಗಕ್ಕೆ ನೀರು ಬರುತ್ತದೆ, ಅಲ್ಲಿಗೆ ಬೂಟು ಇದ್ದೂ ಇಲ್ಲದ ಹಾಗೆ. ಇನ್ನೊಂದು ಕಡೆ ದೇಹ ತನ್ನ ಹೃದಯ, ಶ್ವಾಸಕೋಶಗಳನ್ನು ಉಳಿಸಿಕೊಳ್ಳೋಕೆ ಕೈಕಾಲಿನ ರಕ್ತನಾಳಗಳನ್ನು ಕುಗ್ಗಿಸುತ್ತದೆ. ತುದಿಯಲ್ಲಿರುವ ಬೆರಳಿಗೆ ಬರುವ ಬಿಸಿ ರಕ್ತ ಕಡಿಮೆಯಾಗುತ್ತದೆ. ಮೊದಲು ಚುಚ್ಚಿದ ಹಾಗೆ ನೋವು, ಆಮೇಲೆ ಮರಗಟ್ಟುವಿಕೆ. ನೋವು ನಿಂತಿತು ಅಂತ ಖುಷಿಪಟ್ಟರೆ ಕೆಟ್ಟೆವು, ಅಂಗಾಂಶ ಹೆಪ್ಪುಗಟ್ಟುತ್ತಿರುವ ಲಕ್ಷಣ ಅದು. ಇದು ಹಿಮಕಡಿತ. ಹೆಪ್ಪುಗಟ್ಟದೆಯೂ ಕಾಲು ಹಾಳಾಗಬಹುದು. ಮೊದಲನೇ ಮಹಾಯುದ್ಧದ ಕಂದಕಗಳಲ್ಲಿ ತಣ್ಣೀರಿನಲ್ಲಿ ದಿನಗಟ್ಟಲೆ ನಿಂತವರಿಗೆ ಹಾಗೇ ಆಯ್ತು, ಅದಕ್ಕೆ ಟ್ರೆಂಚ್ ಫೂಟ್ ಅಂತ ಹೆಸರು ಬಂತು. ಆಗ ಬ್ರಿಟಿಷ್ ಸೇನೆ ಕಂಡುಕೊಂಡ ಮದ್ದು ಸರಳವಾಗಿತ್ತು. ಕಾಲು ಒರೆಸಿ, ಎಣ್ಣೆ ತಿಕ್ಕಿ, ಒಣ ಕಾಲುಚೀಲ ಹಾಕಿಕೊಳ್ಳುವುದು, ಅದನ್ನು ಅಧಿಕಾರಿಗಳೇ ನಿಂತು ನೋಡುವುದು.

ಆ ಸೀಮೆಯ ಜನ ಇದನ್ನೆಲ್ಲ ಪುಸ್ತಕವಿಲ್ಲದೆ ಕಲಿತಿದ್ದರು. ಕಾಶ್ಮೀರಿಗಳು ಭತ್ತದ ಹುಲ್ಲಿನಿಂದ ಪುಲ್ಹೋರ್ ಅನ್ನುವ ಚಪ್ಪಲಿ ಹೆಣೆದು ಹಿಮದ ಮೇಲೆ ಜಾರದೆ ನಡೆಯುತ್ತಿದ್ದರು. ಲಡಾಖಿಗಳ ಪಾಬು ಬೂಟಿನಲ್ಲಿ ದಪ್ಪ ಉಣ್ಣೆಬಟ್ಟೆ ಮೊಣಕಾಲಿನ ಹತ್ತಿರದವರೆಗೆ ಏರುತ್ತದೆ. ಎರಡರಲ್ಲೂ ಗುಟ್ಟು ಹಿಡಿದಿಟ್ಟ ಗಾಳಿಯೇ.

ತಿಮ್ಮಯ್ಯನವರ ಉತ್ತರ ಎಂಜಿನಿಯರಿಂಗ್ ಉತ್ತರವಾಗಿತ್ತು. ಕಾಲಾಳು ಒಬ್ಬನೇ ಹಿಮದಲ್ಲಿ ಹೆಚ್ಚು ಹೊತ್ತು ಸಿಕ್ಕಿಬೀಳಬಾರದು ಅಂದ್ರೆ ಮಾರ್ಗ ಬೇಗ ತೆರೆಯಬೇಕು, ಬೇಗ ತೆರೆಯಬೇಕು ಅಂದ್ರೆ ಟ್ಯಾಂಕ್ ಬೇಕು. 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳ ಟರೆಟ್ ಬಿಚ್ಚಿ ಹಗುರ ಮಾಡಿ, ದುರ್ಬಲ ಸೇತುವೆಗಳನ್ನು ದಾಟಿಸಿ, ಜಮ್ಮು ಕಡೆಯಿಂದ ಗುಟ್ಟಾಗಿ ಬಾಲ್‌ತಾಲ್‌ಗೆ ತಂದರು. ಅಲ್ಲಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆ ಹೋಗುವ ಹಾದಿ. ಅದನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್, ಅಂದ್ರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕ ಕೇಂದ್ರವಿರುವ ಎಂಜಿನಿಯರ್ ಪಡೆ. ಬಿಸಿಲ ನಾಡಿನ ದಕ್ಷಿಣದ ಹುಡುಗರೇ ಹೆಚ್ಚು. ಬಂಡೆ ಒಡೆಯುವಾಗ ಬೂಟಿನೊಳಗೆ ಬೆವರು, ಕೈ ನಿಲ್ಲಿಸಿದ ಕೂಡಲೇ ಅದೇ ಬೆವರು ತಣ್ಣಗೆ. ಚಳಿಯಲ್ಲಿ ದೈಹಿಕ ಕೆಲಸ ಮಾಡುವ ಯಾರಿಗೂ ಹೊರಗಿನ ಹಿಮದಷ್ಟೇ ಒಳಗಿನ ಬೆವರೂ ಅಪಾಯ.

ಅಕ್ಟೋಬರ್ ಕೊನೆಯಲ್ಲಿ ಹಿಮಪಾತದಿಂದ ದಾಳಿ ಮುಂದಕ್ಕೆ ಹೋಯ್ತು. ನವೆಂಬರ್ 1ರಂದು, ಹವಾಮಾನ ಪೂರ್ತಿ ತಿಳಿಯಾಗದಿದ್ದರೂ, ಟ್ಯಾಂಕುಗಳು ಏರಿದವು. ಮುಂದಿನ ಟ್ಯಾಂಕೊಂದರಲ್ಲಿ ವಿಭಾಗದ ದಂಡನಾಯಕರೇ ಇದ್ದರು. ಆ ಎತ್ತರಕ್ಕೆ ಟ್ಯಾಂಕ್ ಬರುತ್ತದೆ ಅಂತ ಎದುರಾಳಿಗಳು ಕನಸಲ್ಲೂ ಎಣಿಸಿರಲಿಲ್ಲ. ಸಂಜೆಯೊಳಗೆ ಜೋಜಿಲಾ ಕೈಗೆ ಬಂತು. ಆದ್ರೆ ನಡಿಗೆ ಮುಗಿದಿರಲಿಲ್ಲ. ಚಳಿಗೆ ಹೆಸರಾದ ದ್ರಾಸ್ ದಾಟಿ ನವೆಂಬರ್ 24ಕ್ಕೆ ಕಾರ್ಗಿಲ್ ತಲುಪುವ ತನಕ ಕಾಲಾಳುಗಳು ಹಿಮ ತುಳಿಯಬೇಕಾಯಿತು. ಗುಂಡು ತಾಗದೆಯೂ ಹಿಮಕಡಿತದಿಂದ ಆಸ್ಪತ್ರೆ ಸೇರಿದವರಿದ್ದರು. ಗೆಲುವಿನ ಕಥೆ ಹೇಳುವಾಗ ನಾವು ಟ್ಯಾಂಕನ್ನು ನೆನೆಯುತ್ತೇವೆ, ಆ ಕಾಲುಗಳನ್ನು ಮರೆಯುತ್ತೇವೆ.

1953ರಲ್ಲಿ ತಿಮ್ಮಯ್ಯನವರು ಕೊರಿಯಾಕ್ಕೆ ಹೋದರು. ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ಮರಳಲು ಒಪ್ಪದ ಕೈದಿಗಳ ವಿಷಯ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಆ ಕೈದಿಗಳನ್ನು ಕಾಯುವ ಭಾರತೀಯ ಪಡೆ ಕೊರಿಯಾದ ಚಳಿಗಾಲವನ್ನು ಡೇರೆಗಳಲ್ಲಿ ಕಳೆಯಿತು. 1954ರಲ್ಲಿ ಪದ್ಮಭೂಷಣ, 1957ರ ಮೇ ತಿಂಗಳಲ್ಲಿ ಭೂಸೇನೆಯ ಮುಖ್ಯಸ್ಥ ಹುದ್ದೆ ಬಂತು.

ಮುಂದಿನ ಅಧ್ಯಾಯ ಅಷ್ಟು ಹೊಳಪಿನದ್ದಲ್ಲ. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಭಿನ್ನಾಭಿಪ್ರಾಯ ಬೆಳೆದು 1959ರಲ್ಲಿ ರಾಜೀನಾಮೆ ಕೊಟ್ಟರು, ಪ್ರಧಾನಿ ನೆಹರೂ ಹೇಳಿದ ಮೇಲೆ ಹಿಂದಕ್ಕೆ ಪಡೆದರು. 1961ರ ಮೇ ತಿಂಗಳಲ್ಲಿ ನಿವೃತ್ತರಾದರು. 1962ರ ಅಕ್ಟೋಬರಿನಲ್ಲಿ ಚೀನಾ ಯುದ್ಧ ಬಂದಾಗ ನಮ್ಕಾ ಚು ಕಣಿವೆಗೆ ಏರಿದ ಜವಾನರಲ್ಲಿ ಎಷ್ಟೋ ಜನರ ಮೈಮೇಲೆ ಬೇಸಿಗೆಯ ಹತ್ತಿ ಸಮವಸ್ತ್ರ, ಕಾಲಲ್ಲಿ ಕ್ಯಾನ್ವಾಸ್ ಶೂ. ಹತ್ತಿ ನೀರು ಕುಡಿದ್ರೆ ಬಿಡಲ್ಲ, ಕ್ಯಾನ್ವಾಸ್ ನೀರು ತಡೆಯಲ್ಲ. ಮಳೆಗಾಲದಲ್ಲಿ ನಾವು ಹಾಕಿಕೊಂಡು ಬೈದುಕೊಳ್ಳುವ ಜಾತಿಯದೇ ಶೂ ಅದು.

ಇದಕ್ಕೆ ಯಾರು ಹೊಣೆ? ಮೆನನ್ ಒಬ್ಬರ ಕಡೆ ಬೆರಳು ತೋರಿಸಿ ಮುಗಿಸೋದು ಸುಲಭ. ಆದ್ರೆ ನಾಲ್ಕು ವರ್ಷ ಮುಖ್ಯಸ್ಥರಾಗಿದ್ದವರು ತಿಮ್ಮಯ್ಯನವರೇ, ಜೋಜಿಲಾ ನೋಡಿದ್ದವರೂ ಅವರೇ. ಚಳಿ ಗೊತ್ತಿದ್ದ ಮನುಷ್ಯ ಮೇಲೆ ಕೂತಿದ್ದರೂ ಬೂಟು ಕೆಳಗೆ ತಲುಪಲಿಲ್ಲ. ನಮಗೆ ಅವರ ಮೇಲಿನ ಗೌರವ ಇದರಿಂದ ಕಡಿಮೆಯಾಗಿಲ್ಲ, ಆದ್ರೆ ಪ್ರಶ್ನೆಯನ್ನು ಮುಚ್ಚಿಡೋಕೂ ಮನಸ್ಸಿಲ್ಲ. ಒಬ್ಬರಿಗೆ ಗೊತ್ತಿರೋದು ಬೇರೆ, ಅದು ಬಜೆಟ್ಟು, ಗೋದಾಮು, ಲಾರಿ ದಾಟಿ ಒಬ್ಬ ಸಿಪಾಯಿಯ ಕಾಲಿಗೆ ಸರಿಯಾದ ಅಳತೆಯಲ್ಲಿ ಬರೋದು ಬೇರೆ. ನಾಳೆ ನಮ್ಮಲ್ಲಿ ಕೆಲವರು ಸೈಟಿನಲ್ಲಿ ನೂರು ಜನರನ್ನು ಕೆಲಸಕ್ಕೆ ನಿಲ್ಲಿಸುವವರು. ಅವರ ಕಾಲಲ್ಲಿ ಏನಿದೆ ಅಂತ ನೋಡುವುದೂ ನಮ್ಮ ಡ್ರಾಯಿಂಗಿನ ಭಾಗವೇ.

ಡಿಸೆಂಬರ್ ರಜೆಯಲ್ಲಿ ಹಿಮಾಲಯ ಟ್ರೆಕ್ಕಿಂಗ್ ಹೊರಡುವವರಿಗೆ ನಾಲ್ಕು ಮಾತು. ಹತ್ತಿ ಕಾಲುಚೀಲ ಬಿಟ್ಟು ಉಣ್ಣೆಯದ್ದು ಒಯ್ಯಿರಿ, ಒಂದು ಜೊತೆ ಮಲಗುವಾಗಿನ ಬಳಕೆಗೆ ಅಂತಲೇ ಒಣಗಿರಲಿ. ಬೂಟಿನಲ್ಲಿ ಬೆರಳು ಆಡುವಷ್ಟು ಜಾಗ ಇರಲಿ, ಬಿಗಿ ಬೂಟಿನಲ್ಲಿ ಎರಡು ಜೊತೆ ತುರುಕಿದ್ರೆ ರಕ್ತ ಓಡಲ್ಲ. ಬೆವರುವ ಮೊದಲೇ ಒಂದು ಪದರ ಕಳಚಿ. ಬೆರಳು ಮರಗಟ್ಟಿದ್ರೆ ಹಿಮದಿಂದ ತಿಕ್ಕಬೇಡಿ, ಬೆಂಕಿಗೂ ಹಿಡಿಯಬೇಡಿ. ಸುರಕ್ಷಿತ ಜಾಗ ತಲುಪಿ, ಮತ್ತೆ ಹೆಪ್ಪುಗಟ್ಟುವ ಭಯ ಇಲ್ಲ ಅಂತ ಖಾತ್ರಿಯಾದ ಮೇಲೆ 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯರ ಹತ್ತಿರ ಹೋಗಿ.

ತಿಮ್ಮಯ್ಯನವರು ನಿವೃತ್ತಿಯ ನಂತರವೂ ಮನೆಯಲ್ಲಿ ಕೂರಲಿಲ್ಲ. 1964ರಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ದಂಡನಾಯಕರಾಗಿ ಸೈಪ್ರಸ್‌ಗೆ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕರ್ತವ್ಯದಲ್ಲಿರುವಾಗಲೇ ಹೃದಯಾಘಾತದಿಂದ ತೀರಿಕೊಂಡರು. ಮಡಿಕೇರಿಯ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ, 2021ರ ಫೆಬ್ರವರಿಯಲ್ಲಿ ತೆರೆದದ್ದು. ಧರ್ಮಸ್ಥಳದ ಕಡೆಯಿಂದ ಒಂದು ಭಾನುವಾರ ಹೊರಟರೆ ನೋಡಿ ಬರಬಹುದು. ಮಳೆಗಾಲದಲ್ಲಿ ಹೋಗುವವರು ಬ್ಯಾಗಿನಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳಿ.