ಸೋತ ಪ್ರಶ್ನೆ, ಗೆದ್ದ ನಾಯಕ: ಗೋವಾದ ಭಾವೂಸಾಹೇಬ ಬಾಂದೋಡಕರ



ಬೆಳಗಾವಿ, ಖಾನಾಪುರ, ಕಾರವಾರದ ಕಡೆಯಿಂದ ಪಣಜಿಗೆ ಬಂದವರು ಮಿರಾಮಾರ್ ಕಡಲತೀರ ನೋಡದೆ ಹಿಂದಿರುಗುವುದು ಕಡಿಮೆ. ಮಾಂಡವಿ ನದಿಯ ದಂಡೆಗುಂಟ ಅಲ್ಲಿಗೆ ಹೋಗುವ ರಸ್ತೆಗೆ ಡಿ.ಬಿ. ಮಾರ್ಗವೆಂದು ಹೆಸರು. ತೀರದ ಬಳಿ ಒಂದು ಸಮಾಧಿಯೂ ಇದೆ. ರಸ್ತೆ, ಸಮಾಧಿ ಎರಡೂ ಒಬ್ಬರ ನೆನಪಿನವು. ಅವರು ಗೋವಾದ ಮೊದಲ ಮುಖ್ಯಮಂತ್ರಿ ದಯಾನಂದ ಬಾಳಕೃಷ್ಣ ಬಾಂದೋಡಕರ. ಇಲ್ಲಿಯ ಜನಕ್ಕೆ ಅವರು ಇಂದಿಗೂ ಭಾವೂಸಾಹೇಬ.

ಅಮೆರಿಕದ ಚುನಾವಣೆಯ ಸುದ್ದಿ ಬಂದಾಗಲೆಲ್ಲ ನಮ್ಮ ಸಂಘದ ಮಾತುಕತೆಯಲ್ಲಿ ಕೆಲವು ಪ್ರಶ್ನೆಗಳು ಏಳುತ್ತವೆ. ಕುರ್ಚಿಯಲ್ಲಿ ಕುಳಿತವರೇ ಮತ ಕೇಳಲು ಹೊರಟರೆ ಮತದಾನ ನ್ಯಾಯವಾಗಿ ನಡೆದೀತೆ? ಸೋತವರು ಫಲಿತಾಂಶ ಒಪ್ಪದಿದ್ದರೆ ಗತಿಯೇನು? ಶಾಸನಸಭೆಯ ಬಹುಮತ ದೊಡ್ಡದೋ, ಜನರ ನೇರ ಮತ ದೊಡ್ಡದೋ? ಈ ಮೂರೂ ಪ್ರಶ್ನೆಗಳು ಗೋವಾದಲ್ಲಿ ಒಂದೇ ಚಳಿಗಾಲದಲ್ಲಿ ಎದುರಾಗಿದ್ದವು. ಮೂರಕ್ಕೂ ಬಾಂದೋಡಕರರೇ ಉತ್ತರ ಕೊಡಬೇಕಾಯಿತು. ಆದ್ದರಿಂದ ಈ ಬಾರಿ ಅವರ ಬದುಕನ್ನು ನೆನೆಯುತ್ತಿದ್ದೇವೆ.

ಬಾಂದೋಡಕರರು ಹುಟ್ಟಿದ್ದು 1911ರ ಮಾರ್ಚ್ 12ರಂದು, ಗೋವಾದ ಉತ್ತರ ತುದಿಯ ಪೆಡಣೆಯಲ್ಲಿ. ಆಗ ಗೋವಾ ಪೋರ್ಚುಗೀಸರ ಕೈಯಲ್ಲಿತ್ತು. ಸಾಧಾರಣ ಸ್ಥಿತಿಯಿಂದ ಮೇಲೆ ಬಂದ ಅವರು ವ್ಯಾಪಾರದಲ್ಲಿ ನೆಲೆಯೂರಿ, ಆಮೇಲೆ ಗಣಿ ಉದ್ಯಮದಲ್ಲಿ ಹೆಸರು ಮಾಡಿದರು. ಹಣ ಬಂದ ಮೇಲೂ ಹಳ್ಳಿಯವರ ನಂಟು ಬಿಡಲಿಲ್ಲ. ಶಾಲೆಗೆ, ಗುಡಿಗೆ, ಕಷ್ಟದಲ್ಲಿದ್ದವರಿಗೆ ಕೈಯೆತ್ತಿ ಕೊಡುವವರೆಂದು ರಾಜಕೀಯಕ್ಕೆ ಬರುವ ಮೊದಲೇ ಜನ ಅವರನ್ನು ಬಲ್ಲರು.

1961ರ ಡಿಸೆಂಬರ್ 19ರಂದು ಗೋವಾ ಬಿಡುಗಡೆಯಾಯಿತು. ಮರುವರ್ಷ ಸಂವಿಧಾನದ 12ನೇ ತಿದ್ದುಪಡಿಯಿಂದ ಗೋವಾ, ದಮನ್ ಮತ್ತು ದೀವ್ ಸೇರಿ ಒಂದು ಕೇಂದ್ರಾಡಳಿತ ಪ್ರದೇಶವಾಯಿತು. 1963ರ ಡಿಸೆಂಬರಿನಲ್ಲಿ ಮೊದಲ ವಿಧಾನಸಭೆ ಚುನಾವಣೆ ನಡೆಯಿತು. ಬಾಂದೋಡಕರರ ಮಹಾರಾಷ್ಟ್ರವಾದಿ ಗೋಮಂತಕ ಪಕ್ಷಕ್ಕೆ ಸಿಂಹದ ಗುರುತು. ಪಕ್ಷದ ಹೆಸರೇ ಅದರ ಗುರಿಯನ್ನು ಹೇಳುತ್ತಿತ್ತು: ಗೋವಾ ಮಹಾರಾಷ್ಟ್ರದಲ್ಲಿ ವಿಲೀನವಾಗಬೇಕು. ಎದುರಿಗೆ ಡಾ. ಜ್ಯಾಕ್ ದಿ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ. ಗೋವಾ ಗೋವಾವಾಗಿಯೇ ಉಳಿಯಬೇಕೆಂಬುದು ಅವರ ಪಟ್ಟು. 30 ಸ್ಥಾನಗಳ ಸಭೆಯಲ್ಲಿ ಮಗೋಪ ಮಿತ್ರಪಕ್ಷದೊಂದಿಗೆ 16 ಗೆದ್ದಿತು, ಯುನೈಟೆಡ್ ಗೋವನ್ಸ್ 12. ಕಾಂಗ್ರೆಸ್ಸಿಗೆ ಗೋವಾದೊಳಗೆ ಒಂದೂ ಸಿಗಲಿಲ್ಲ. ಡಿಸೆಂಬರ್ 20ರಂದು ಬಾಂದೋಡಕರರು ಮುಖ್ಯಮಂತ್ರಿಯಾದರು.

ಅವರ ಹಿಂದೆ ನಿಂತವರು ಯಾರೆಂದು ತಿಳಿಯದೆ ಅವರ ರಾಜಕಾರಣ ಅರ್ಥವಾಗುವುದಿಲ್ಲ. ಭಾಟಕಾರರೆಂಬ ಜಮೀನುದಾರರ ನೆಲದಲ್ಲಿ ದುಡಿಯುತ್ತಿದ್ದ ಗೇಣಿದಾರರು, ಶಾಲೆಯ ಮೆಟ್ಟಿಲು ಹತ್ತದ ಬಹುಜನ ಸಮಾಜದವರು ಅವರನ್ನು ತಮ್ಮವರೆಂದು ನಂಬಿದರು. 1964ರಲ್ಲೇ ಗೇಣಿ ಕಾಯ್ದೆ ಬಂತು. ಗೇಣಿದಾರನನ್ನು ಮನಬಂದಂತೆ ಎಬ್ಬಿಸುವುದಕ್ಕೆ ತಡೆಯಾಯಿತು, ಗೇಣಿಗೆ ಮಿತಿ ಬಂತು. ಊರೂರಿಗೆ ಸರ್ಕಾರಿ ಪ್ರಾಥಮಿಕ ಶಾಲೆ ತೆರೆದವು. ಮಹಾರಾಷ್ಟ್ರ ಸೇರಿದರೆ ಹಳೆಯ ಜಮೀನುದಾರರ ಹಿಡಿತ ಪೂರ್ತಿ ತಪ್ಪೀತೆಂಬ ಆಸೆ ಇವರಲ್ಲಿ ಹಲವರಿಗಿತ್ತು.

ಬಹುಮತ ಕೈಯಲ್ಲಿದ್ದುದರಿಂದ 1965ರಲ್ಲಿ ಗೋವಾ ವಿಧಾನಸಭೆ ವಿಲೀನದ ಪರವಾಗಿ ಠರಾವು ಮಾಡಿತು. ಮಹಾರಾಷ್ಟ್ರದ ಶಾಸನಸಭೆಯೂ ಅದೇ ವರ್ಷ ಅದೇ ಮಾತು ಹೇಳಿತು. ನಿಜಲಿಂಗಪ್ಪನವರ ಮೈಸೂರು ಸರ್ಕಾರ ಇದನ್ನು ಬಲವಾಗಿ ವಿರೋಧಿಸಿತು. ಇಲ್ಲಿ ಕಾನೂನಿನ ಒಂದು ಸೂಕ್ಷ್ಮವನ್ನು ಸದಸ್ಯರು ಗಮನಿಸಬೇಕು. ಅಮೆರಿಕದ ಸಂವಿಧಾನದಂತೆ ಎರಡು ರಾಜ್ಯಗಳನ್ನು ಕೂಡಿಸಬೇಕಾದರೆ ಆಯಾ ರಾಜ್ಯಗಳ ಶಾಸನಸಭೆಗಳೂ ಅಲ್ಲಿಯ ಕಾಂಗ್ರೆಸ್ಸೂ ಒಪ್ಪಬೇಕು, ಅಷ್ಟಾದರೆ ಸಾಕು. ನಮ್ಮ ಸಂವಿಧಾನದ 3ನೇ ವಿಧಿಯಂತೆ ಗಡಿ ಬದಲಿಸುವ ಅಧಿಕಾರ ಸಂಸತ್ತಿನದು. ರಾಜ್ಯದ ಶಾಸನಸಭೆಯ ಅಭಿಪ್ರಾಯ ಕೇಳುತ್ತಾರೆ, ಆದರೆ ಅದರ ಒಪ್ಪಿಗೆ ಬೇಕೇಬೇಕೆಂದಿಲ್ಲ. ಗೋವಾ ಆಗ ರಾಜ್ಯವೂ ಆಗಿರಲಿಲ್ಲ. ಅಮೆರಿಕದ ಲೆಕ್ಕ ಹಿಡಿದಿದ್ದರೆ ಎರಡು ಸಭೆಗಳ ಠರಾವಿನಿಂದ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಂತೆಯೇ ಇತ್ತು. ಇಲ್ಲಿ ಮಾತ್ರ ಎಲ್ಲರ ಕಣ್ಣು ದೆಹಲಿಯ ಕಡೆ ತಿರುಗಿತು.

ಸಿಕ್ವೇರಾ ಅವರು ದೆಹಲಿಯ ಮುಂದೆ ಇಟ್ಟ ವಾದ ಸರಳವಾಗಿತ್ತು. ಚುನಾವಣೆಯಲ್ಲಿ ಜನ ಮತ ಹಾಕಿದ್ದು ಗೇಣಿಗೆ, ಶಾಲೆಗೆ, ನಾಯಕನ ಮೇಲಿನ ವಿಶ್ವಾಸಕ್ಕೆ. ವಿಲೀನವೊಂದನ್ನೇ ಬೇರೆಯಾಗಿ ಅವರನ್ನು ಕೇಳಿಲ್ಲ. ನೆಹರೂ, ಶಾಸ್ತ್ರಿ, ಇಂದಿರಾ ಗಾಂಧಿ ಈ ಮೂವರ ಕಾಲದಲ್ಲೂ ಅವರ ಕಡೆಯವರು ಬೆನ್ನು ಬಿಡಲಿಲ್ಲ. ನಮ್ಮ ಸಂವಿಧಾನದಲ್ಲಿ ಜನಮತ ಸಂಗ್ರಹಕ್ಕೆ ಏರ್ಪಾಡಿಲ್ಲ. ಆದ್ದರಿಂದ 1966ರ ಡಿಸೆಂಬರಿನಲ್ಲಿ ಸಂಸತ್ತು ಇದಕ್ಕಾಗಿಯೇ ಒಂದು ಕಾಯ್ದೆ ಮಾಡಬೇಕಾಯಿತು. ಇಲ್ಲಿಯವರ ಬಾಯಲ್ಲಿ ಅದು ಇಂದಿಗೂ ಒಪಿನಿಯನ್ ಪೋಲ್.

ಬಾಂದೋಡಕರ ಸರ್ಕಾರ ಗದ್ದುಗೆಯಲ್ಲಿ ಇರುವಾಗ ಮತದಾನ ನಿಷ್ಪಕ್ಷಪಾತವಾಗಿ ನಡೆಯಲಾರದೆಂದು ವಿರೋಧ ಪಕ್ಷ ಹಟ ಹಿಡಿಯಿತು. ಇದು ಸುಮ್ಮನೆ ಎತ್ತಿದ ತಕರಾರಲ್ಲ. ಪೊಲೀಸರು, ನೌಕರರು, ಸರ್ಕಾರಿ ಜೀಪು, ಎಲ್ಲವೂ ಮುಖ್ಯಮಂತ್ರಿಯ ಮಾತಿನಲ್ಲಿರುವಾಗ ಅದೇ ಮುಖ್ಯಮಂತ್ರಿ ಒಂದು ಕಡೆಯ ಮುಂದಾಳೂ ಆಗಿದ್ದರು. ಬಾಂದೋಡಕರರು ರಾಜೀನಾಮೆ ಕೊಟ್ಟರು. 1966ರ ಡಿಸೆಂಬರ್ ಮೊದಲ ವಾರದಿಂದ ಗೋವಾದಲ್ಲಿ ರಾಷ್ಟ್ರಪತಿ ಆಡಳಿತ. ಸಭೆಯಲ್ಲಿ ಬಹುಮತವಿತ್ತು, ಅವಧಿಯೂ ಉಳಿದಿತ್ತು, ಆದರೂ ಅವರು ಕುರ್ಚಿ ಬಿಟ್ಟು ಇಳಿದರು. ಒತ್ತಾಯ ಇತ್ತೆಂಬುದು ನಿಜ; ಗೆಲ್ಲುವ ಭರವಸೆಯೂ ಅವರಿಗೆ ಇತ್ತು. ಅದೇನೇ ಇದ್ದರೂ, ಅವರು ಇಳಿದುದರಿಂದ ಮುಂದೆ ಬಂದ ಫಲಿತಾಂಶಕ್ಕೆ ತೂಕ ಬಂತು.

ಪ್ರಚಾರ ಮನೆಮನೆಯನ್ನೂ ಮುಟ್ಟಿತು. ವಿಲೀನಕ್ಕೆ ಹೂವಿನ ಗುರುತು, ಬೇರೆಯಾಗಿ ಉಳಿಯುವುದಕ್ಕೆ ಎರಡೆಲೆಯ ಗುರುತು. ಮರಾಠಿ ದಿನಪತ್ರಿಕೆ ಗೋಮಂತಕ ವಿಲೀನದ ಪರ ಬರೆಯಿತು. ಅದೇ ಮರಾಠಿಯಲ್ಲಿ ಹೊರಡುತ್ತಿದ್ದ ರಾಷ್ಟ್ರಮತ ವಿರೋಧವಾಗಿ ಬರೆಯಿತು. ಅದರಲ್ಲಿ ಉದಯ ಭೆಂಬ್ರೆ ಅವರ ಬ್ರಹ್ಮಾಸ್ತ್ರ ಅಂಕಣವನ್ನು ಜನ ಕಾದು ಓದುತ್ತಿದ್ದರು. ಕೊಂಕಣಿ ಹಾಡುಗಾರರು ಊರೂರು ಸುತ್ತಿದರು. ಹೊರಗೆ ನೆಲೆಸಿದ ಗೋವನ್ನರಿಗೂ ಮತ ಕೊಡಬೇಕೆಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ವಿಧಾನಸಭೆಯ ಮತದಾರರ ಪಟ್ಟಿಯೇ ಆಧಾರವಾಯಿತು.

1967ರ ಜನವರಿ 16ರಂದು ಮತದಾನ ನಡೆಯಿತು. 3,88,432 ಮತದಾರರಲ್ಲಿ 3,17,633 ಜನ ಮತ ಹಾಕಿದರು. ಎಣಿಕೆ ಮುಗಿದಾಗ ಹೂವಿಗೆ 1,38,170, ಎರಡೆಲೆಗೆ 1,72,191. ಅಂತರ 34,021. ವಿಲೀನದ ಪ್ರಶ್ನೆ ಅಲ್ಲಿಗೆ ಮುಗಿಯಿತು. ಮೂರು ವರ್ಷದ ಹಿಂದೆ ಸಿಂಹಕ್ಕೆ ಮತ ಕೊಟ್ಟವರಲ್ಲೇ ಕೆಲವರು ಈ ಬಾರಿ ಎರಡೆಲೆಗೆ ಒತ್ತಿದ್ದರೆಂದು ಹೇಳುತ್ತಾರೆ.

ಬಾಂದೋಡಕರರ ಪಕ್ಷ ಹುಟ್ಟಿದ್ದೇ ಈ ಒಂದು ಗುರಿಗಾಗಿ. ಅದೇ ಕೈತಪ್ಪಿದ ಮೇಲೆ ಅವರ ರಾಜಕೀಯ ಮುಗಿಯಿತೆಂದು ಯಾರಾದರೂ ಎಣಿಸಿದ್ದರೆ ಅಚ್ಚರಿಯಿಲ್ಲ. ಅವರು ತೀರ್ಪನ್ನು ಒಪ್ಪಿ, ಎರಡೇ ತಿಂಗಳಲ್ಲಿ ಮತ್ತೆ ಅದೇ ಮತದಾರರ ಮುಂದೆ ನಿಂತರು. ಮಾರ್ಚ್ 1967ರ ವಿಧಾನಸಭೆ ಚುನಾವಣೆಯಲ್ಲಿ ಮಗೋಪಕ್ಕೆ 16 ಸ್ಥಾನ, ಯುನೈಟೆಡ್ ಗೋವನ್ಸ್ ಪಕ್ಷಕ್ಕೆ 12. ಏಪ್ರಿಲ್ 5ರಂದು ಭಾವೂಸಾಹೇಬರು ಎರಡನೇ ಬಾರಿ ಮುಖ್ಯಮಂತ್ರಿಯಾದರು. ನೀವು ನಮ್ಮ ನಾಯಕರು, ಆದರೆ ಈ ವಿಷಯದಲ್ಲಿ ನಿಮ್ಮ ದಾರಿ ನಮಗೆ ಬೇಡ ಎಂದು ಜನ ಎರಡು ಪೆಟ್ಟಿಗೆಗಳಲ್ಲಿ ಎರಡು ಮಾತು ಹೇಳಿದ್ದರು. ಅಮೆರಿಕದ ಹಲವು ರಾಜ್ಯಗಳಲ್ಲಿ ಮತದಾರರು ಒಂದೇ ದಿನ ಅಭ್ಯರ್ಥಿಗೂ ಮತ ಹಾಕಿ, ಕೆಲವು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಎಂದೂ ಒತ್ತುತ್ತಾರೆ. ಅಭ್ಯರ್ಥಿಯನ್ನು ಗೆಲ್ಲಿಸಿ ಅವನಿಗೆ ಪ್ರಿಯವಾದ ಪ್ರಶ್ನೆಯನ್ನು ಸೋಲಿಸುವುದು ಅಲ್ಲಿ ಹೊಸದಲ್ಲ. ಗೋವಾದ ಹಳ್ಳಿಯ ಗೇಣಿದಾರನಿಗೂ ಈ ಜಾಣತನ ಇತ್ತು.

ಮುಂದಿನ ದಿನಗಳೆಲ್ಲ ಸುಗಮವಾಗಿರಲಿಲ್ಲ. ಆಡಳಿತ ಒಬ್ಬರ ಸುತ್ತಲೇ ಸುತ್ತುತ್ತದೆಂಬ ಆಕ್ಷೇಪ ಕೇಳಿಬಂತು. 1970ರಲ್ಲಿ ಪಕ್ಷದೊಳಗೇ ಬಂಡಾಯ ಎದ್ದಿತು, ಸರ್ಕಾರ ಉಳಿಯಿತು. ಅದೇ ವರ್ಷ ಕಲಾ ಅಕಾಡೆಮಿ ಆರಂಭವಾಯಿತು. 1972ರಲ್ಲಿ ಮೂರನೇ ಗೆಲುವು. 1973ರ ಆಗಸ್ಟ್ 12ರಂದು, ಅಧಿಕಾರದಲ್ಲಿರುವಾಗಲೇ, ಬಾಂದೋಡಕರರು ತೀರಿಕೊಂಡರು. ಮಗಳು ಶಶಿಕಲಾ ಕಾಕೋಡಕರ ಮುಖ್ಯಮಂತ್ರಿಯಾದರು. ತಂದೆ ತಂದ ಗೇಣಿ ಕಾಯ್ದೆಗೆ ಮಗಳ ಕಾಲದಲ್ಲಿ ತಿದ್ದುಪಡಿ ಬಂದು, ನಮ್ಮಲ್ಲಿ ದೇವರಾಜ ಅರಸರ ಕಾಲದಲ್ಲಿ ಆದಂತೆ, ಉಳುವವರು ಒಡೆಯರಾದರು. 1987ರ ಮೇ 30ರಂದು ಗೋವಾ ಪೂರ್ಣ ರಾಜ್ಯವಾಯಿತು. ಅಂದು ಎರಡೆಲೆ ಗೆದ್ದಿರದಿದ್ದರೆ ಆ ದಿನ ಬರುತ್ತಿರಲಿಲ್ಲ.

ಈ ಕಥೆ ಗಡಿ ಊರುಗಳ ನಮಗೆ ಏಕೆ ತಟ್ಟುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಗೋವಾದಲ್ಲಿ ಮತಪೆಟ್ಟಿಗೆ ಸಿದ್ಧವಾಗುತ್ತಿದ್ದ ಅದೇ ತಿಂಗಳುಗಳಲ್ಲಿ, 1966ರ ಅಕ್ಟೋಬರಿನಲ್ಲಿ, ನಮ್ಮ ಗಡಿಗಾಗಿ ಮಹಾಜನ ಆಯೋಗ ನೇಮಕವಾಯಿತು. 1967ರ ಆಗಸ್ಟಿನಲ್ಲಿ ವರದಿ ಬಂತು. ಬೆಳಗಾವಿ ಮೈಸೂರಿನಲ್ಲೇ ಉಳಿಯಲಿ ಎಂದಿತು, ಕಾಸರಗೋಡಿನಲ್ಲಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಎಂದಿತು. ಮಹಾರಾಷ್ಟ್ರ ವರದಿಯನ್ನು ಒಪ್ಪಲಿಲ್ಲ, ಕಾಸರಗೋಡು ಇದ್ದಲ್ಲೇ ಇದೆ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಎಲ್ಲ ಊರಿನ ಗಡಿಯನ್ನೂ ಮತದಿಂದಲೇ ಬಗೆಹರಿಸಬೇಕೆಂದು ನಾವು ಹೇಳುತ್ತಿಲ್ಲ. 34 ಸಾವಿರದ ಅಂತರದಲ್ಲಿ ಸೋತ ಊರುಗಳಲ್ಲೂ ಜನ ಇದ್ದರು, ಅವರಿಗೂ ನೋವಾಗಿತ್ತು. ಆದರೆ ಪ್ರಶ್ನೆ ಒಂದೇ ಆಗಿತ್ತು, ಕೇಳುವ ದಿನ ಗೊತ್ತಾಗಿತ್ತು, ಸೋತ ಕಡೆಯ ದೊಡ್ಡ ನಾಯಕರೇ ತಲೆಬಾಗಿದರು. ಅವರು ಅಂದು ಫಲಿತಾಂಶವನ್ನು ಜರೆದು ಬೀದಿಗಿಳಿದಿದ್ದರೆ, ಗೋವಾದಲ್ಲೂ ಇಂದಿಗೆ ಒಂದು ಆರದ ಗಡಿ ಕಿಚ್ಚು ಇರುತ್ತಿತ್ತು.

ಹೊಟ್ಟೆಪಾಡಿಗೆ ಬಂದು ವಾಸ್ಕೊ, ಮಡಗಾಂವ, ಮಾಪುಸಾ, ಫೋಂಡಾಗಳಲ್ಲಿ ನೆಲೆನಿಂತ ಕನ್ನಡಿಗರು ಈಗ ಇಲ್ಲಿಯ ಮತದಾರರ ಪಟ್ಟಿಯಲ್ಲಿದ್ದೇವೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಮರಾಠಿ ಅಥವಾ ಇಂಗ್ಲಿಷ್. ಮತ ಕೇಳಲು ಬರುವವರಿಗೆ ನಾಯಕನೇ ಬೇರೆ, ಪ್ರಶ್ನೆಯೇ ಬೇರೆ ಎಂದು ತೂಗಿ ಹೇಳುವ ಹಕ್ಕು ನಮಗೂ ಇದೆ. ಪ್ರತಿ ಜನವರಿ 16ನ್ನು ಗೋವಾ ಅಸ್ಮಿತಾಯ್ ದೀಸ್ ಎಂದು ಆಚರಿಸುತ್ತದೆ. ಮುಂದಿನ ಸಲ ಪಣಜಿಗೆ ಬಂದಾಗ ಸದಸ್ಯರು ಮಿರಾಮಾರಿನ ಸಮಾಧಿಯ ಬಳಿ ಒಂದು ಗಳಿಗೆ ನಿಲ್ಲಿ, ಜೊತೆಗಿರುವ ಮಕ್ಕಳಿಗೆ ಈ ಎರಡು ಚುನಾವಣೆಗಳ ಕಥೆ ಹೇಳಿ.