ಕಲ್ಲಿನ ವಯಸ್ಸನ್ನು ಅರಸಿದ ಪಾದ್ರಿ: ಸ್ಟೀಫನ್ ಹಿಸ್ಲಾಪ್

ನಾಗಪುರದಲ್ಲಿ ಹಿಸ್ಲಾಪ್ ಕಾಲೇಜೆಂಬ ವಿದ್ಯಾಸಂಸ್ಥೆಯೊಂದುಂಟು. ಆ ಊರಿನ ಹೋಟೆಲುಗಳಲ್ಲಿ ದುಡಿದು ಬಂದ ನಮ್ಮವರು ಈ ಹೆಸರನ್ನು ಕೇಳಿಯೇ ಇರಬೇಕು. ಆದರೆ ಆ ಹೆಸರಿನ ಮನುಷ್ಯನು ಯಾರು, ನಾವು ದಿನವೂ ಮೆಟ್ಟಿ ನಡೆಯುವ ಪುಣೆಯ ಕರಿಗಲ್ಲಿಗೂ ಆತನಿಗೂ ಏನು ಸಂಬಂಧ ಎಂಬುದನ್ನು ಬಲ್ಲವರು ವಿರಳ.

ಸ್ಟೀಫನ್ ಹಿಸ್ಲಾಪರು 1817ರ ಸೆಪ್ಟೆಂಬರ್ 8ರಂದು ಸ್ಕಾಟ್ಲೆಂಡಿನ ಡನ್ಸ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆ ಕಲ್ಲುಕುಟಿಗರು. ಮಗನು ಎಡಿನ್‌ಬರೋ, ಗ್ಲಾಸ್ಗೋಗಳಲ್ಲಿ ಓದಿ ಪಾದ್ರಿಯಾದನು. 1843ರಲ್ಲಿ ಆ ದೇಶದ ಕ್ರೈಸ್ತಸಭೆ ಇಬ್ಭಾಗವಾಯಿತು. ನಾನೂರಕ್ಕೂ ಮಿಕ್ಕಿದ ಪಾದ್ರಿಗಳು ಸಂಬಳ, ಮನೆ ಎರಡನ್ನೂ ತೊರೆದು ಸ್ವತಂತ್ರಸಭೆಯನ್ನು ಕಟ್ಟಿದರು. ಆ ಹೊಸ ಸಭೆಯ ಕಡೆಯಿಂದ ಹಿಸ್ಲಾಪ್ ದಂಪತಿಗಳು 1844ರ ಕೊನೆಯಲ್ಲಿ ಮುಂಬಯಿಗೆ ಬಂದಿಳಿದು, 1845ರಲ್ಲಿ ನಾಗಪುರವನ್ನು ಸೇರಿದರು. ಆಗಿನ್ನೂ ಅಲ್ಲಿ ಭೋಸಲೆ ಅರಸರ ಆಳ್ವಿಕೆ. ಮರುವರ್ಷ ಪಾಠಶಾಲೆ ತೆರೆಯಿತು. ಮರಾಠಿಯನ್ನು ಕಲಿತರು, ಬೋಧಿಸಿದರು, ಕಾಡುಮೇಡುಗಳಲ್ಲಿ ಗೋಂಡರ ನುಡಿಯನ್ನೂ ಸಂಪ್ರದಾಯಗಳನ್ನೂ ಬರೆದಿಟ್ಟುಕೊಂಡರು.

ಇಲ್ಲಿ ಒಂದು ಹಿನ್ನೆಲೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಎಂಬ ಮಹಾವಿದ್ವಾಂಸರು 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಲೆಕ್ಕಹಾಕಿ, ಭೂಮಿಯ ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಆಯಿತೆಂದು ನಿರ್ಣಯಿಸಿದ್ದರು. ಇಂಗ್ಲಿಷ್ ಬೈಬಲುಗಳ ಅಂಚಿನಲ್ಲಿ ಈ ಅಂಕೆ ಅಚ್ಚಾಗುತ್ತಿತ್ತು. ಹಿಸ್ಲಾಪರ ಸಭೆಯ ಪಾದ್ರಿಗಳೆಲ್ಲರೂ ಒಪ್ಪಿ ಸಹಿಹಾಕಬೇಕಾದ ವಿಶ್ವಾಸಪ್ರಮಾಣದಲ್ಲಿಯೂ ಸೃಷ್ಟಿ ಆರು ದಿನಗಳಲ್ಲಿ ಆಯಿತೆಂದೇ ಇತ್ತು. ಆದರೆ ಬಂಡೆಗಳ ಪದರಗಳು ಬೇರೊಂದು ಲೆಕ್ಕವನ್ನು ಹೇಳತೊಡಗಿದ್ದವು. ಅಕ್ಷರಶಃ ಆರು ದಿನ, ಆರು ಸಾವಿರ ವರ್ಷವೆಂದು ಪಟ್ಟುಹಿಡಿದವರು ಅನೇಕರು. ಸ್ವತಂತ್ರಸಭೆಯ ಹಿರಿಯ ಥಾಮಸ್ ಚಾಮರ್ಸರು ಮಾತ್ರ, ಬೈಬಲಿನ ಮೊದಲ ವಾಕ್ಯಕ್ಕೂ ಆರು ದಿನಗಳಿಗೂ ನಡುವೆ ಎಷ್ಟು ದೀರ್ಘಕಾಲವಾದರೂ ಸಂದಿರಬಹುದೆಂದರು. ಅದೇ ಸಭೆಯ ಹ್ಯೂ ಮಿಲ್ಲರರು ಆ ಸಮಾಧಾನವನ್ನು ಮೊದಲು ಒಪ್ಪಿ ಆಮೇಲೆ ಬಿಟ್ಟರು. ಒಂದೊಂದು ದಿನವೂ ಒಂದೊಂದು ಯುಗವೆಂಬುದು ಅವರ ಮತ. ಅಭಿಪ್ರಾಯ ಬೇರೆಯಾದರೂ ಚಾಮರ್ಸರಲ್ಲಿ ಮಿಲ್ಲರರ ಭಕ್ತಿ ಕುಂದಲಿಲ್ಲ. ಈ ಮಿಲ್ಲರರು ಉಳಿ ಹಿಡಿದು ಕಲ್ಲು ಕಡಿದವರು, ಬ್ಯಾಂಕಿನಲ್ಲಿ ಲೆಕ್ಕ ಬರೆದವರು, ಕಡೆಗೆ ಪತ್ರಿಕಾಸಂಪಾದಕರಾದವರು. ನಮ್ಮ ಗುಮಾಸ್ತ ವಾಚಕರು ಈ ಮಾತನ್ನು ಗಮನಿಸಬೇಕು.

ಹೀಗೆ ದೇವರನ್ನು ನಂಬಿದವರಲ್ಲಿಯೇ ಮೂರು ಪಕ್ಷಗಳಿದ್ದ ಸಭೆಯಿಂದ ಬಂದ ಹಿಸ್ಲಾಪರು, ನಾಗಪುರದ ಸುತ್ತಲಿನ ಕಲ್ಲುಗಳನ್ನು ಸುತ್ತಿಗೆಯಿಂದ ಒಡೆದು ನೋಡತೊಡಗಿದರು. ಜೊತೆಗಾರರು ರಾಬರ್ಟ್ ಹಂಟರ್ ಎಂಬ ಇನ್ನೊಬ್ಬ ಪಾದ್ರಿ. 1851ರ ಸುಮಾರಿಗೆ ತಾಕಳಿ ಎಂಬಲ್ಲಿ ಕರಿಗಲ್ಲಿನ ಪದರಗಳ ನಡುವೆ ಸಿಹಿನೀರಿನ ಬಸವನಹುಳುಗಳ ಚಿಪ್ಪುಗಳು ಕಲ್ಲಾಗಿ ಸಿಕ್ಕಿದವು. ಹುಡುಕಿದಂತೆಲ್ಲ ಬೀಜ, ಮರದ ತುಂಡು, ಮೀನಿನ ಅವಶೇಷಗಳೂ ದೊರೆತವು. ಕರಿಗಲ್ಲೆಂದರೆ ಹೊರಚೆಲ್ಲಿ ಆರಿದ ಬೆಂಕಿಯ ಹೊಳೆ. ಅದರ ಎರಡು ಹೊದಿಕೆಗಳ ನಡುವೆ ಕೆರೆಯೊಂದು ತುಂಬಿ, ಜೀವಿಗಳು ಹುಟ್ಟಿ, ಬೆಳೆದು, ಸತ್ತು ಹೂಳಬೇಕಾದರೆ ಎಷ್ಟು ಕಾಲ ಬೇಕೆಂಬುದನ್ನು ಯಾರಾದರೂ ಊಹಿಸಬಹುದು. ಖಂಡಾಳದ ಘಾಟಿಯಲ್ಲಿ ರೈಲಿನ ಕಿಟಕಿಯಿಂದ ಕಾಣುವ ಮೆಟ್ಟಿಲು ಮೆಟ್ಟಿಲಾದ ಬಂಡೆಗಳು, ಪುಣೆಯ ಪರ್ವತಿ ಗುಡ್ಡ, ಪಾತಾಳೇಶ್ವರ ಗುಹಾಲಯ, ಎಲ್ಲವೂ ಈ ಒಂದೇ ಕಲ್ಲಿನ ಸಂತತಿ. ಮಾಂಗಳಿ ಎಂಬ ಹಳ್ಳಿಯಿಂದ ಅವರು ಕಳುಹಿಸಿದ, ಕಪ್ಪೆಯ ಜಾತಿಗೆ ದೂರದ ನಂಟಿನ ಪುರಾತನ ಪ್ರಾಣಿಯೊಂದರ ತಲೆಬುರುಡೆಯನ್ನು ಲಂಡನ್ನಿನಲ್ಲಿ ರಿಚರ್ಡ್ ಓವೆನರೇ ವರ್ಣಿಸಿ ಹೆಸರಿಟ್ಟರು.

ಮುಂದೆ ಕಲ್ಲಿದ್ದಲಿನ ಚರ್ಚೆ ಎದ್ದಿತು. ಇದ್ದಲಿನೊಡನೆ ಸಿಗುವ ನಾಲಗೆಯಾಕಾರದ ಎಲೆಗೆ ಗ್ಲಾಸಾಪ್ಟೆರಿಸ್ ಎಂದು ಹೆಸರು. ಇದು ಜೂರಾಸಿಕ್ ಯುಗದ್ದೆಂದು ಹಿಸ್ಲಾಪರು ವಾದಿಸಿದರು. ಸರ್ಕಾರದ ಭೂಗರ್ಭ ಸಮೀಕ್ಷೆಯ ಮುಖ್ಯಸ್ಥ ಥಾಮಸ್ ಓಲ್ಡ್‌ಹ್ಯಾಮರು ಅದಕ್ಕಿಂತ ಬಹಳ ಹಿಂದಿನದೆಂದರು. ಇದೇ ಎಲೆಯ ಬಗ್ಗೆ ಆಸ್ಟ್ರೇಲಿಯಾದಲ್ಲಿಯೂ ವ್ಯಾಜ್ಯ: ಮೆಲ್ಬರ್ನಿನ ಪ್ರಾಧ್ಯಾಪಕ ಮೆಕಾಯ್ ಒಂದು ಕಡೆ, ಸಿಡ್ನಿಯ ಪಾದ್ರಿ ವಿಲಿಯಂ ಕ್ಲಾರ್ಕ್ ಇನ್ನೊಂದು ಕಡೆ. ಅಂದರೆ ಒಂದೇ ಬೈಬಲನ್ನು ಓದುವ ಇಬ್ಬರು ಪಾದ್ರಿಗಳು, ಒಬ್ಬರು ನಾಗಪುರದಲ್ಲಿ, ಒಬ್ಬರು ಸಿಡ್ನಿಯಲ್ಲಿ, ಒಂದೇ ಎಲೆಗೆ ಎರಡು ವಯಸ್ಸು ಹೇಳುತ್ತಿದ್ದರು! ವಿವಾದ ನಡೆದುದು ಎಲೆ, ಚಿಪ್ಪು, ಪದರಗಳ ಮೇಲೆ. ಹಿಸ್ಲಾಪರು 1861ರಲ್ಲಿ ಇದೇ ವಿಷಯವಾಗಿ ಲಂಡನ್ನಿನ ಭೂವಿಜ್ಞಾನ ಸಂಘದ ಪತ್ರಿಕೆಯಲ್ಲಿ ಲೇಖನವನ್ನು ಪ್ರಕಟಿಸಿದರು. ಭಾನುವಾರದ ಬೋಧನೆಯನ್ನೂ ಬಿಡಲಿಲ್ಲ.

1863ರ ಸೆಪ್ಟೆಂಬರ್ 4ರಂದು, ಮಧ್ಯಪ್ರಾಂತದ ಚೀಫ್ ಕಮಿಷನರ್ ರಿಚರ್ಡ್ ಟೆಂಪಲರೊಡನೆ ಟಾಕಳಘಾಟಿನ ಪುರಾತನ ಶಿಲಾವೃತ್ತಗಳನ್ನು ನೋಡಿ, ಬಳಿಯ ಶಾಲೆಯೊಂದನ್ನು ಪರೀಕ್ಷಿಸಲು ಹಿಂದುಳಿದರು. ಸಂಜೆ ಒಬ್ಬರೇ ಕುದುರೆಯೇರಿ ಬರುತ್ತಿರಲು ಮಳೆಯಿಂದ ಉಕ್ಕಿದ ಹಳ್ಳವು ಅವರನ್ನು ಸೆಳೆದುಕೊಂಡಿತು. ಸವಾರನಿಲ್ಲದ ಕುದುರೆಯು ಬಿಡಾರಕ್ಕೆ ಬಂದಾಗಲೇ ಉಳಿದವರಿಗೆ ವಿಷಯ ತಿಳಿದುದು. ನಲವತ್ತಾರು ತುಂಬಲು ನಾಲ್ಕು ದಿನ ಉಳಿದಿದ್ದಿತು.

ಗೋಂಡರ ಕುರಿತ ಅವರ ಬರಹಗಳನ್ನು ಟೆಂಪಲರು 1866ರಲ್ಲಿ ಅಚ್ಚುಹಾಕಿಸಿದರು. ಇದೇ ಟೆಂಪಲರು 1877ರಲ್ಲಿ ಮುಂಬಯಿಯ ಗವರ್ನರರಾದರು. ಕಾಲೇಜು ಸ್ಥಾಪನೆಯಾದುದು 1883ರಲ್ಲಿ. ಹಸಿರು ಛಾಯೆಯ ಒಂದು ಖನಿಜಕ್ಕೆ ಹಿಸ್ಲಾಪೈಟ್ ಎಂಬ ಹೆಸರು ಅವರು ಬದುಕಿರುವಾಗಲೇ ಬಂದಿತ್ತು. ಇದ್ದಲಿನ ವ್ಯಾಜ್ಯದಲ್ಲಿ ಗೆದ್ದವರು ಓಲ್ಡ್‌ಹ್ಯಾಮ್ ಮತ್ತು ಕ್ಲಾರ್ಕ್: ಆ ಎಲೆಗೆ ಈಗ ಇಪ್ಪತ್ತೈದರಿಂದ ಮೂವತ್ತು ಕೋಟಿ ವರ್ಷವೆಂದು ಲೆಕ್ಕ. ತಾಕಳಿಯ ಚಿಪ್ಪುಗಳನ್ನೂ ಹಿಸ್ಲಾಪರು ಇರುವುದಕ್ಕಿಂತ ಎಳೆಯವೆಂದೇ ಎಣಿಸಿದ್ದರು. ಅವು, ನಮ್ಮ ಪುಣೆಯ ಕರಿಗಲ್ಲಿನಂತೆಯೇ, ಸುಮಾರು 6 ಕೋಟಿ 60 ಲಕ್ಷ ವರ್ಷಗಳಷ್ಟು ಹಳೆಯವು.