ಹಾಸ್ಯ ಚಕ್ರವರ್ತಿ ನರಸಿಂಹರಾಜು

ತುಮಕೂರು ಜಿಲ್ಲೆಯ ತಿಪಟೂರು ತೆಂಗಿನ ತೋಟಗಳಿಗೂ ಕೊಬ್ಬರಿಯ ವ್ಯಾಪಾರಕ್ಕೂ ಹೆಸರಾದ ಊರು. ಕಾಲು ಶತಮಾನದ ಕಾಲ ಕನ್ನಡ ನಾಡನ್ನು ನಗಿಸಿದ ಕಲಾವಿದನೊಬ್ಬನ ತವರೆಂಬ ಹೆಮ್ಮೆಯೂ ಆ ಊರಿಗೆ ಸಲ್ಲುತ್ತದೆ. ತಿಪಟೂರು ರಾಮರಾಜು ನರಸಿಂಹರಾಜು ಅವರು 1923ನೆಯ ಇಸವಿ ಜುಲೈ 24ರಂದು ಅಲ್ಲಿ ಜನಿಸಿದರು. ನೆರೆಹೊರೆಯ ಮಕ್ಕಳು ಇನ್ನೂ ಅಕ್ಷರಾಭ್ಯಾಸಕ್ಕೆ ತೊಡಗದ ವಯಸ್ಸಿನಲ್ಲಿ, ನಾಲ್ಕು ವರ್ಷದ ಬಾಲಕನಾಗಿರುವಾಗಲೇ, ಅವರು ವೃತ್ತಿನಾಟಕ ಕಂಪನಿಯನ್ನು ಸೇರಿ ಮುಖಕ್ಕೆ ಬಣ್ಣ ಹಚ್ಚಿದರು. ರಂಗಭೂಮಿಯೇ ಅವರ ಪಾಠಶಾಲೆಯಾಯಿತು. ಪ್ರಹ್ಲಾದ, ಲೋಹಿತಾಶ್ವ ಮೊದಲಾದ ಬಾಲಪಾತ್ರಗಳೇ ಅವರ ಮೊದಲ ಪಾಠಗಳಾದವು.

ಅಂದಿನ ಕಂಪನಿ ನಾಟಕಗಳು ರಾತ್ರಿಯೆಲ್ಲ ನಡೆಯುತ್ತಿದ್ದವು. ಅರಮನೆಯ ದೃಶ್ಯ ಮುಗಿದು ಅರಣ್ಯದ ದೃಶ್ಯ ಬರಬೇಕಾದರೆ ಭಾರವಾದ ಸಲಕರಣೆಗಳನ್ನು ಸರಿಸಿ ಹೊಸವನ್ನು ನಿಲ್ಲಿಸಬೇಕಾಗಿತ್ತು. ಆ ಕೆಲಸ ಪರದೆಯ ಹಿಂದೆ ಸಾಗುತ್ತಿರುವಾಗ ಪರದೆಯ ಮುಂದೆ ಹಾಸ್ಯಗಾರನು ಬಂದು ಪ್ರೇಕ್ಷಕರನ್ನು ಹಿಡಿದಿಡುತ್ತಿದ್ದನು. ಹಾರ್ಮೋನಿಯಂ ಮತ್ತು ತಬಲಗಳು ಅವನಿಗೆ ಜೊತೆ ನೀಡುತ್ತಿದ್ದವು. ಅವನು ಎಡವಿದರೆ ತಬಲದ ಪೆಟ್ಟು, ಕುಣಿದರೆ ಹಾರ್ಮೋನಿಯಂ ಮಟ್ಟು. ಪರಿಚಿತವಾದ ಮಟ್ಟು ಕೇಳಿಬಂದೊಡನೆ, ಅವನು ಕಾಣಿಸಿಕೊಳ್ಳುವ ಮೊದಲೇ ಸಭೆಯಲ್ಲಿ ನಗೆ ಹೊಮ್ಮುತ್ತಿತ್ತು. ಇಂದಿನ ಮಕ್ಕಳು ದೂರದರ್ಶನದಲ್ಲಿ ನೋಡುವ ಜಪಾನಿನ ಹಾಸ್ಯ ಕಾರ್ಟೂನುಗಳಲ್ಲಿಯೂ ಇದೇ ಬಗೆಯ ಜಾಣತನ ಕೆಲಸ ಮಾಡುತ್ತದೆ. ಅದೇ ರಾಗ, ಅದೇ ಪೇಚು, ಪ್ರತಿಸಲವೂ ನಗೆ. ಆದರೆ ಅಲ್ಲಿ ಚಿತ್ರಕಾರನ ಕುಂಚ ಮಾಡುವ ಕೆಲಸವನ್ನು ಇಲ್ಲಿ ನಟನು ತನ್ನ ಮೈಯಿಂದಲೇ ಮಾಡಬೇಕಾಗಿತ್ತು.

ನರಸಿಂಹರಾಜು ಅವರು ಬೆಳೆದು ದೊಡ್ಡವರಾದುದು ಇಂತಹ ರಂಗಸ್ಥಳದಲ್ಲಿ. ಸಣಕಲು ಮೈ, ಮುಂದಕ್ಕೆ ಚಾಚಿದ ಹಲ್ಲು. ನಾಯಕನ ಪಾತ್ರಕ್ಕೆ ಬೇಕಾದ ರೂಪ ಅವರದಾಗಿರಲಿಲ್ಲ. ಬೇರೊಬ್ಬರಾಗಿದ್ದರೆ ಅದನ್ನು ಕೊರತೆಯೆಂದು ಬಗೆದು ಕುಗ್ಗುತ್ತಿದ್ದರೇನೋ. ಅವರಾದರೋ ಆ ಕೊರತೆಯನ್ನೇ ಬಂಡವಾಳವನ್ನಾಗಿ ಮಾಡಿಕೊಂಡರು. ಉಬ್ಬುಹಲ್ಲಿನ ಆ ಮುಖ ಮುಂದೆ ಕನ್ನಡಿಗರಿಗೆ ಮನೆಯವರ ಮುಖದಷ್ಟೇ ಪರಿಚಿತವಾಯಿತು. ಹಲವು ಕಂಪನಿಗಳಲ್ಲಿ ದುಡಿದು ನುರಿತ ಅವರು ಪ್ರಸಿದ್ಧವಾದ ಗುಬ್ಬಿ ಕಂಪನಿಯ ಕಲಾವಿದರಾದರು.

1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ಚಿತ್ರ ತೆರೆಕಂಡಿತು. ರಾಜಕುಮಾರ್ ಅವರು ನಾಯಕರಾಗಿ ಕಾಣಿಸಿಕೊಂಡ ಆ ಮೊದಲ ಚಿತ್ರದಲ್ಲಿಯೇ ನರಸಿಂಹರಾಜು ಅವರೂ ಚಿತ್ರರಂಗಕ್ಕೆ ಕಾಲಿರಿಸಿದರು. ಆದರೆ ಆಗಿನ ಕನ್ನಡ ಚಿತ್ರರಂಗದ ಸ್ಥಿತಿ ಬಡತನದ್ದು. ಚಿತ್ರಗಳು ಬಹುಪಾಲು ಮದರಾಸಿನಲ್ಲಿ ತಯಾರಾಗುತ್ತಿದ್ದವು. ಅವುಗಳ ಸಂಖ್ಯೆಯೂ ಕಡಿಮೆ. ಕೆಲಸವಿಲ್ಲದ ದಿನಗಳು ಬಂದಾಗ ರಾಜಕುಮಾರ್, ಬಾಲಕೃಷ್ಣ, ಜಿ.ವಿ. ಅಯ್ಯರ್ ಮತ್ತು ನರಸಿಂಹರಾಜು ಅವರು ಕೈಕಟ್ಟಿ ಕೂರಲಿಲ್ಲ. ಕಲಾವಿದರ ಸಂಘವನ್ನು ಕಟ್ಟಿಕೊಂಡು ಊರೂರುಗಳಲ್ಲಿ ನಾಟಕವಾಡಿದರು. ಬಳಿಕ 1960ರಲ್ಲಿ 'ರಣಧೀರ ಕಂಠೀರವ' ಚಿತ್ರವನ್ನು ತಾವೇ ನಿರ್ಮಿಸಿದರು. ತೆರೆಯ ಮೇಲೆ ನಗಿಸುತ್ತಿದ್ದವರು ತೆರೆಯ ಹಿಂದೆ ಚಿತ್ರರಂಗದ ಹೊರೆಗೂ ಹೆಗಲು ಕೊಟ್ಟರು.

ನರಸಿಂಹರಾಜು ಅವರ ಕಲೆಯ ನಿಜವಾದ ಒರೆಗಲ್ಲು 1965ರ 'ಸತ್ಯ ಹರಿಶ್ಚಂದ್ರ'. ಹುಣಸೂರು ಕೃಷ್ಣಮೂರ್ತಿ ಅವರು ನಿರ್ದೇಶಿಸಿದ ಈ ಚಿತ್ರದಲ್ಲಿ ರಾಜಕುಮಾರ್ ಅವರದು ಹರಿಶ್ಚಂದ್ರನ ಪಾತ್ರ, ನರಸಿಂಹರಾಜು ಅವರದು ನಕ್ಷತ್ರಿಕನ ಪಾತ್ರ. ರಾಜ್ಯವನ್ನು ಕಳೆದುಕೊಂಡು ನಡೆದುಹೋಗುವ ರಾಜನಿಂದ ಸಾಲವನ್ನು ವಸೂಲು ಮಾಡಲು ವಿಶ್ವಾಮಿತ್ರನು ಕಳುಹಿಸಿದ ಶಿಷ್ಯನೇ ನಕ್ಷತ್ರಿಕ. ದಾರಿಯುದ್ದಕ್ಕೂ ಅವನದು ಒಂದೇ ಬೇಡಿಕೆ, ಒಂದೇ ಕಾಟ. ಎಡೆಬಿಡದೆ ಪೀಡಿಸುವವನನ್ನು ಕನ್ನಡಿಗರು ಇಂದಿಗೂ ನಕ್ಷತ್ರಿಕನೆಂದೇ ಕರೆಯುತ್ತಾರೆ. ಒಂದೇ ಮಾತನ್ನು ಮತ್ತೆ ಮತ್ತೆ ಆಡಿ ನಗಿಸುವುದು ಸುಲಭವಲ್ಲ. ಎರಡನೆಯ ಸಲಕ್ಕೇ ಅದು ಹಳಸಬಹುದು. ಪ್ರತಿಸಲವೂ ಧ್ವನಿಯ ಏರಿಳಿತ, ಕಣ್ಣಿನ ಹೊರಳು, ನಡಿಗೆಯ ಗತಿ ತುಸು ಬದಲಾಗಬೇಕು. ಇಲ್ಲಿ ಇನ್ನೂ ಒಂದು ಅಪಾಯವಿತ್ತು. ನಗೆ ಅತಿಯಾದರೆ ಹರಿಶ್ಚಂದ್ರನ ದುಃಖ ಹಗುರವಾಗಿಬಿಡುತ್ತದೆ. ನಗೆಯೇ ಇಲ್ಲವಾದರೆ ಆ ದುಃಖವನ್ನು ನೋಡುಗರು ತಾಳಲಾರರು. ಈ ಎರಡರ ನಡುವಣ ಕಿರುದಾರಿಯಲ್ಲಿ ನರಸಿಂಹರಾಜು ಅವರು ಎಡವದೆ ನಡೆದರು. ಪ್ರೇಕ್ಷಕರು ನಕ್ಷತ್ರಿಕನನ್ನು ಕಂಡು ನಕ್ಕರು; ನಗುತ್ತಲೇ ಹರಿಶ್ಚಂದ್ರನಿಗಾಗಿ ಮರುಗಿದರು. ಎಳೆತನದಲ್ಲಿ ಇದೇ ಕಥೆಯ ಲೋಹಿತಾಶ್ವನಾಗಿ ಅಭಿನಯಿಸಿದ್ದ ನಟನಿಗೆ ಆ ಕಥೆಯ ನೋವಿನ ಆಳ ತಿಳಿದಿದ್ದುದು ಸಹಜವೇ ಆಗಿತ್ತು. ಚಿತ್ರವು ಆ ಸಾಲಿನ ಶ್ರೇಷ್ಠ ಕನ್ನಡ ಚಿತ್ರವೆಂದು ರಾಷ್ಟ್ರ ಪ್ರಶಸ್ತಿಯನ್ನೂ ಗಳಿಸಿತು.

1967ರಲ್ಲಿ ತೆರೆಕಂಡ 'ನಕ್ಕರೆ ಅದೇ ಸ್ವರ್ಗ' ನರಸಿಂಹರಾಜು ಅವರ ನೂರನೆಯ ಚಿತ್ರ. ಹದಿಮೂರು ವರ್ಷಗಳಲ್ಲಿ ನೂರು ಚಿತ್ರಗಳೆಂದರೆ ಆ ದುಡಿಮೆ ಎಷ್ಟೆಂಬುದನ್ನು ಊಹಿಸಬಹುದು. ನಾಯಕನ ನೆರಳಿನಲ್ಲಿ ನಿಲ್ಲುತ್ತಿದ್ದ ಹಾಸ್ಯನಟನು ಈ ಚಿತ್ರದ ಮುಖ್ಯ ಆಕರ್ಷಣೆಯಾಗಿದ್ದನು. ಎಂ. ರಂಗರಾವ್ ಅವರು ಸಂಗೀತ ನೀಡಿದ ಇದೇ ಚಿತ್ರಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಎಂಬ ತರುಣ ಗಾಯಕರು ಕನ್ನಡದಲ್ಲಿ ಮೊದಲ ಬಾರಿಗೆ ಹಾಡಿದರು. 1974ರಲ್ಲಿ 'ಪ್ರೊಫೆಸರ್ ಹುಚ್ಚುರಾಯ' ಚಿತ್ರವನ್ನು ನರಸಿಂಹರಾಜು ಅವರೇ ನಿರ್ಮಿಸಿ ಅದರಲ್ಲಿ ನಟಿಸಿದರು. ಎಂ.ಎನ್. ಲಕ್ಷ್ಮೀದೇವಿ ಅವರೊಡನೆ ಅವರ ಜೋಡಿ ಹಲವು ಚಿತ್ರಗಳಲ್ಲಿ ಜನಪ್ರಿಯವಾಗಿತ್ತು. ನಾಡು ಅವರನ್ನು ಹಾಸ್ಯ ಚಕ್ರವರ್ತಿ ಎಂದು ಕರೆದು ಗೌರವಿಸಿತು.

1979ರ ಜುಲೈ ತಿಂಗಳಲ್ಲಿ, ಐವತ್ತಾರು ವರ್ಷಗಳು ತುಂಬಲು ಕೆಲವೇ ದಿನಗಳಿರುವಾಗ, ಅವರು ಕೊನೆಯುಸಿರೆಳೆದರು. 2008ರಲ್ಲಿ 'ಸತ್ಯ ಹರಿಶ್ಚಂದ್ರ' ವರ್ಣಚಿತ್ರವಾಗಿ ಮತ್ತೆ ತೆರೆಗೆ ಬಂದಿತು. ಅವರು ತೀರಿಕೊಂಡ ಮೇಲೆ ಹುಟ್ಟಿದ ಮಕ್ಕಳೂ ಚಿತ್ರಮಂದಿರದಲ್ಲಿ ನಕ್ಷತ್ರಿಕನನ್ನು ಕಾಣುವಂತಾಯಿತು. ದೃಶ್ಯ ಬದಲಾಗುವವರೆಗೆ ಪರದೆಯ ಮುಂದೆ ಹೊತ್ತು ತುಂಬುವುದಕ್ಕೆಂದು ಇದ್ದ ಹಾಸ್ಯವನ್ನು ನರಸಿಂಹರಾಜು ಅವರು ಕಥೆಯ ಒಡಲಿಗೇ ಕೊಂಡೊಯ್ದರು. ಹಾಸ್ಯಗಾರನು ಎರಡನೆಯ ಸಾಲಿನವನಲ್ಲವೆಂಬುದನ್ನು ಅವರು ಮಾತಿನಿಂದಲ್ಲ, ದುಡಿಮೆಯಿಂದ ತೋರಿಸಿಕೊಟ್ಟರು.